ಪರೀಕ್ಷೆ ನಮಗಲ್ಲ, ಪುಟಕ್ಕೆ

(ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ವರದಕ್ಷಿಣೆಯ ಬಗ್ಗೆ, ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ ಮಾತಾಡಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ಮಾತಾಡಲಿರುವುದು ಮೊಬೈಲ್ ಫೋನಿನಲ್ಲಿ ತೆರೆದುಕೊಳ್ಳುವ ಒಂದು ಪುಟದ ಬಗ್ಗೆ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಕರ್ನಾಟಕದ ಮದುವೆಯಾದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದು ಹೇಳಿದರು. ಇಡೀ ದೇಶದಲ್ಲಿ ಹಿಂಸೆ ಅನುಭವಿಸಿದವರ ಪೈಕಿ ಯಾರನ್ನಾದರೂ ಸಹಾಯ ಕೇಳಿದವರು ನೂರಕ್ಕೆ 14 ಮಂದಿ ಮಾತ್ರ. ಉಳಿದವರು ಯಾಕೆ ಕೇಳಲಿಲ್ಲ? ಮಾನಕ್ಕೆ ಅಂಜಿ, ಮಕ್ಕಳ ಮುಖ ನೋಡಿ, ತವರಿನಲ್ಲಿ ಜಾಗವಿಲ್ಲದೆ. ಈ ಕಾರಣಗಳು ನಮಗೆ ಗೊತ್ತಿರುವಂಥವೇ. ಇನ್ನೊಂದು ಕಾರಣವಿದೆ. ಕೇಳುವ ಬಾಗಿಲು ಎಲ್ಲಿದೆ, ಅದನ್ನು ಹೇಗೆ ತಟ್ಟಬೇಕು ಎಂದು ತಿಳಿಯದೇ ಹೋಗುವುದು. ಈಗ ಆ ಬಾಗಿಲುಗಳೆಲ್ಲ ಒಂದೊಂದಾಗಿ ಫೋನಿನೊಳಗೆ ಹೋಗುತ್ತಿವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಪೊಲೀಸ್ ದೂರನ್ನು ಫೋನು, ಕಂಪ್ಯೂಟರಿನ ಮೂಲಕವೇ ಕಳಿಸಿ, ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಮಾಡಿದರೆ ಆಯಿತು ಎಂದಿದೆ. ಓದಿದರೆ ದೊಡ್ಡ ಅನುಕೂಲ ಅನ್ನಿಸುತ್ತದೆ. ಆದರೆ ನಮ್ಮ ಓಣಿಯ ಹೆಣ್ಣುಮಗಳು ಆ ಪುಟವನ್ನು ತೆರೆದು ಕೊನೆ ಮುಟ್ಟಿಸಬಲ್ಲಳೇ?

ಬೇರೆಯವರ ತಪ್ಪು ಎತ್ತಿ ಆಡುವ ಮೊದಲು ನಮ್ಮದನ್ನು ಹೇಳುತ್ತೇನೆ. ನಾವು ನಾಲ್ಕಾರು ಗೆಳತಿಯರು ಸೇರಿ ಇಂಥದೇ ಒಂದು ಪುಟ ಮಾಡಿಸಿದೆವು. ವರದಕ್ಷಿಣೆ ಎಂದರೇನು, ಕೌಟುಂಬಿಕ ದೌರ್ಜನ್ಯ ಎಂದರೇನು, 2005ರ ಕಾಯಿದೆ ಏನು ಹೇಳುತ್ತದೆ, ಯಾರಿಗೆ ಫೋನು ಮಾಡಬೇಕು, ಎಲ್ಲಾ ಹಾಕಿದೆವು. ವಕೀಲರು ಓದಿ ಸರಿ ಇದೆ ಎಂದರು. ಕನ್ನಡ ಮಾಸ್ತರರೊಬ್ಬರು ಒತ್ತಕ್ಷರ ತಿದ್ದಿಕೊಟ್ಟರು. ನಾವೇ ಓದಿ ನಾವೇ ತಲೆದೂಗಿದೆವು. ಯಾರಿಗಾಗಿ ಮಾಡಿದ್ದೆವೋ ಅವರ ಕೈಗೆ ಮಾತ್ರ ಒಮ್ಮೆಯೂ ಕೊಟ್ಟಿರಲಿಲ್ಲ.

ಕೊಟ್ಟದ್ದು ಯಾದಗಿರಿಯಲ್ಲಿ. ಖಡಕ್ ರೊಟ್ಟಿ ಮಾಡಿ ಮಾರುವ ಸಂಘದ ಒಬ್ಬ ತಾಯಿ. ಆಕೆಗೆ ಒಂದು ಕಥೆ ಹೇಳಿದೆವು: "ನಿಮ್ಮ ಓಣಿಯಾಗ ಒಬ್ಬಾಕಿ ಸೊಸಿ ಅದಾಳ. ಗಾಡಿ ಕೊಡಸಲಿಲ್ಲ ಅಂತ ಅತ್ತಿ-ಗಂಡ ಸೇರಿ ಬಡದು ರಾತ್ರಿ ಹೊರಗ ಹಾಕ್ಯಾರ. ಯಾರಿಗೆ ಫೋನ್ ಹಚ್ಚಬೇಕಂತ ಇದರಾಗ ಹುಡುಕಿ ಕೊಡ್ರಿ." ಆ ತಾಯಿ ಫೋನು ಹಿಡಿದು ಮೇಲೆ ಕೆಳಗೆ ಸರಿಸಿದರು. ಒಮ್ಮೆ ಒತ್ತಿದರು, ಬೇರೆ ಪುಟ ಬಂತು, ಗಾಬರಿಯಾಗಿ ಹಿಂದೆ ಬಂದರು. ಹನ್ನೊಂದು ನಿಮಿಷ ಆಯಿತು. ಆಮೇಲೆ ಫೋನನ್ನು ಚಾಪೆಯ ಮೇಲೆ ಬೋರಲು ಇಟ್ಟು, "ನಾ ಅಷ್ಟು ಶಾಣ್ಯಾಕಿ ಅಲ್ರೀ ಅಕ್ಕೋರೆ. ಓದಿದವ್ರಿಗೆ ಕೊಡ್ರಿ" ಎಂದರು.

ಈ ಮಾತು ನನಗೆ ನಾಟಿತು. ಹೊಡೆಸಿಕೊಂಡು ಬಂದ ಹೆಣ್ಣುಮಗಳೂ ಮೊದಲು ಹೇಳುವುದು ಇದನ್ನೇ: ಸಾರಿಗೆ ಉಪ್ಪು ಹೆಚ್ಚಾಗಿತ್ತು, ನನ್ನದೇ ತಪ್ಪು. ತಪ್ಪು ನಿನ್ನದಲ್ಲ ಎಂದು ಹೇಳುತ್ತಲೇ ಮಹಿಳಾ ಚಳವಳಿ ಇಷ್ಟು ದೂರ ಬಂದಿದೆ. ಹಾಗಿದ್ದೂ ನಾವೇ ಮಾಡಿದ ಪುಟ ಒಬ್ಬ ತಾಯಿಯನ್ನು ಹನ್ನೊಂದು ನಿಮಿಷದಲ್ಲಿ ಅದೇ ಮಾತಿಗೆ ತಂದು ನಿಲ್ಲಿಸಿತು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಓದು ಬರಹ ಬಲ್ಲ ಹೆಣ್ಣುಮಕ್ಕಳು ನೂರಕ್ಕೆ 41, ರಾಜ್ಯದಲ್ಲೇ ಕಡಿಮೆ. ಇದು ಗೊತ್ತಿದ್ದೂ ನಾವು ಪುಟದ ತುಂಬ ಅಕ್ಷರ ತುಂಬಿದ್ದೆವು. ಶಾಣ್ಯಾತನ ಇಲ್ಲದ್ದು ಯಾರಿಗೆ?

ಪುಟವನ್ನು ಬಳಸುವವರ ಕೈಗೇ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕುಳಿತು, ಅವರು ಎಲ್ಲಿ ಎಡವುತ್ತಾರೆ ಎಂದು ನೋಡುವುದಕ್ಕೆ ಬಳಕೆ ಪರೀಕ್ಷೆ ಎನ್ನೋಣ. ದೊಡ್ಡ ಕಂಪನಿಗಳು ಸಾಮಾನು ಮಾರಲು ಇದನ್ನು ಎಷ್ಟೋ ವರ್ಷದಿಂದ ಮಾಡುತ್ತಿವೆ. ಸೀರೆ ಮಾರುವ ಪುಟಕ್ಕೆ ಸಿಗುವ ಕಾಳಜಿ ಜೀವ ಉಳಿಸುವ ಪುಟಕ್ಕೆ ಸಿಗುವುದಿಲ್ಲ ಎನ್ನುವುದು ಬೇರೆ ಮಾತು.

ಇದಕ್ಕೆ ನೂರು ಜನ ಬೇಕಿಲ್ಲ. ಜೇಕಬ್ ನೀಲ್ಸನ್ ಎನ್ನುವವರು ಈ ಕೆಲಸದಲ್ಲಿ ಹೆಸರಾದವರು. ಅವರು 2000ದಲ್ಲೇ ಬರೆದರು: ಐದು ಜನ ಸಾಕು, ದೊಡ್ಡ ತೊಡಕುಗಳಲ್ಲಿ ಹೆಚ್ಚಿನವು ಐದು ಜನರಲ್ಲೇ ಕಾಣಿಸಿಬಿಡುತ್ತವೆ, ಆರನೆಯವರನ್ನು ಕೂರಿಸುವ ಬದಲು ಪುಟ ತಿದ್ದಿ ಮತ್ತೆ ಐದು ಜನರಿಗೆ ತೋರಿಸಿ ಎಂದು. ಆದರೆ ಐದೂ ಜನ ಒಂದೇ ತರಹದವರಾದರೆ ಕಾಣುವುದು ಒಂದೇ ತರಹದ ತೊಡಕು. ಹಾಗಾಗಿ ನಾವು ಯಾದಗಿರಿಯಲ್ಲಿ ಐದು, ಶಹಾಪುರದಲ್ಲಿ ಐದು, ಸುರಪುರದಲ್ಲಿ ಐದು ಎಂದು ಮಾಡಿಕೊಂಡೆವು. ಓದು ಬಂದವರು, ಬಾರದವರು, ಮನೆಯಲ್ಲಿ ಉರ್ದು ಮಾತಾಡುವವರು, ತಾಂಡಾದಿಂದ ಬಂದವರು, ಎಲ್ಲರೂ ಇರಲಿ ಎಂದು ನೋಡಿಕೊಂಡೆವು. ಹತ್ತಿ ಬಿಡಿಸುವ ಕಾಲ ಬಿಟ್ಟು, ಸಂತೆಯ ದಿನ ಬಿಟ್ಟು ಮಧ್ಯಾಹ್ನ ಆರಿಸಿದೆವು. ಬಂದವರಿಗೆ ಒಂದು ದಿನದ ಕೂಲಿ ಕೊಟ್ಟೆವು. ಹೆಂಗಸರ ಹೊತ್ತು ಪುಕ್ಕಟೆ ಎಂಬ ರೂಢಿಯನ್ನು ನಾವೇ ಬೆಳೆಸಬಾರದಲ್ಲ.

ಕೂತು ನೋಡುವುದು ಹೇಳಿದಷ್ಟು ಸುಲಭವಲ್ಲ. ಇಬ್ಬರು ಬೇಕು. ಒಬ್ಬರು ಪಕ್ಕದಲ್ಲಿ ಕುಳಿತು ಮಾತಾಡಿಸಬೇಕು, ಇನ್ನೊಬ್ಬರು ಹಿಂದೆ ಕುಳಿತು ಬರೆದುಕೊಳ್ಳಬೇಕು. ಶುರುವಿನಲ್ಲೇ ಹೇಳಬೇಕು: ಪರೀಕ್ಷೆ ನಿಮಗಲ್ಲ, ಈ ಪುಟಕ್ಕೆ, ನೀವು ಎಡವಿದಷ್ಟೂ ನಮಗೆ ಲಾಭ. ಆಮೇಲೆ ಮಾಡಬೇಕಾದ ಕೆಲಸವನ್ನು ಕಥೆಯಾಗಿ ಹೇಳಬೇಕು. ಪುಟದ ಮೇಲಿರುವ ಶಬ್ದವನ್ನು ಕಥೆಯಲ್ಲಿ ತರಬಾರದು. "ಸಹಾಯವಾಣಿ ಹುಡುಕಿ" ಎಂದರೆ ಆಕೆ ಆ ಅಕ್ಷರದ ಆಕಾರ ಹುಡುಕುತ್ತಾಳೆ, ಅರ್ಥ ಹುಡುಕುವುದಿಲ್ಲ. ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಮಾಡಿ ಎಂದು ಕೇಳಿಕೊಳ್ಳಬೇಕು. ಆಕೆ ಸುಮ್ಮನಾದರೆ "ಈಗ ಏನು ನೋಡಾಕತ್ತೀರಿ?" ಎನ್ನಬೇಕು, ಅಷ್ಟೇ. ತೋರಿಸಿಕೊಡಬಾರದು. ಮೊದಲ ದಿನ ನಾನೇ ಎರಡು ಸಲ ಬೆರಳು ಚಾಚಿದೆ. ಹಿಂದೆ ಕುಳಿತಿದ್ದ ಗೆಳತಿ ನನ್ನ ಸೆರಗು ಜಗ್ಗಿದಳು. ನೀವು ಸಂಘದಲ್ಲಿ ಹೊಸಬರಿಗೆ ಲೆಕ್ಕ ಬರೆಯಲು ಕಲಿಸುವವರು. ನಿಮಗೂ ಕೈ ತಡೆದುಕೊಳ್ಳುವುದು ಕಷ್ಟವಾಗುತ್ತದೆ.

ಬರೆದುಕೊಳ್ಳುವವರು ಆಕೆ ಆಡಿದ ಮಾತನ್ನು ಆಡಿದಂತೆಯೇ ಬರೆಯಬೇಕು. "ಗೊಂದಲವಾಯಿತು" ಎಂದು ಬರೆದರೆ ಅದು ನಮ್ಮ ಮಾತು. "ಇದನ್ನ ಒತ್ತಿದ್ರ ರೊಕ್ಕ ಹೋಗ್ತಾವೇನ್ರಿ?" ಎನ್ನುವುದು ಅವರ ಮಾತು. ಶಬ್ದ ಬದಲಾದರೆ ಏನಾಗುತ್ತದೆ ಎನ್ನುವುದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಗೆಳತಿಯರು ಮದುವೆಯಾದ ಹೆಣ್ಣುಮಕ್ಕಳ ಅಸಹಜ ಸಾವುಗಳ ಬೆನ್ನು ಹತ್ತಿದಾಗ, ಎಷ್ಟೋ ಸುಟ್ಟ ಸಾವುಗಳು ಸ್ಟೋವ್ ಸಿಡಿದು ಆದ ಅಪಘಾತ ಎಂಬ ಬರಹದಡಿ ಮುಚ್ಚಿಹೋಗಿದ್ದವು. ದಾಖಲೆಯಲ್ಲಿ ಯಾವ ಶಬ್ದ ಬೀಳುತ್ತದೆ ಎಂಬುದರ ಮೇಲೆ ಸತ್ತವಳ ನ್ಯಾಯವೂ ನಿಂತಿತ್ತು.

ಇನ್ನು ನಮ್ಮ ಪುಟ ಎಡವಿದ್ದು ಎಲ್ಲೆಲ್ಲಿ ಎಂದು ಕೇಳಿ.

ಸಹಾಯವಾಣಿಯ ನಂಬರನ್ನು ನಾವು ಅಭಿಮಾನದಿಂದ ಕನ್ನಡ ಅಂಕಿಯಲ್ಲಿ ೧೮೧ ಎಂದು ದೊಡ್ಡದಾಗಿ ಹಾಕಿದ್ದೆವು. ಓದು ಬಾರದ ತಾಯಂದಿರಿಗೂ ಫೋನಿನ ಗುಂಡಿಯ ಮೇಲಿನ ಅಂಕಿಗಳ ಗುರುತು ಚೆನ್ನಾಗಿ ಇದೆ. ಆದರೆ ಅಲ್ಲಿ ಇರುವುದು 181. ಎರಡೂ ಒಂದೇ ಎಂದು ಅವರಿಗೆ ತಿಳಿಯಲಿಲ್ಲ. ಕನ್ನಡಾಭಿಮಾನಕ್ಕೆ ಬೇರೆ ಜಾಗ ಹುಡುಕಿಕೊಂಡೆವು.

ಕಾನೂನಿನ ನೆರವು ಎನ್ನಲು ತಕ್ಕಡಿಯ ಚಿತ್ರ ಇತ್ತು. ಯಾದಗಿರಿಯಲ್ಲಿ ಮೂವರು ಅದನ್ನು ರೇಷನ್ ಅಂಗಡಿ ಎಂದರು. ಚಿತ್ರ ಹಾಕಿದರೆ ಓದು ಬಾರದವರಿಗೆ ತಿಳಿಯುತ್ತದೆ ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದ ಇಂದ್ರಾಣಿ ಮೇಧಿ ಮತ್ತು ಅವರ ಜೊತೆಗಾರರು ಸ್ತ್ರೀ ಜಾಗೃತಿ ಸಮಿತಿಯ ನೆರವಿನಿಂದ ಕೊಳೆಗೇರಿಗಳ ಮನೆಗೆಲಸದ ಹೆಣ್ಣುಮಕ್ಕಳ ಜೊತೆ ಕುಳಿತು, ಅಕ್ಷರವೇ ಇಲ್ಲದ, ಕೆಲಸ ಹುಡುಕಿಕೊಡುವ ಕಂಪ್ಯೂಟರ್ ಪುಟ ತಯಾರಿಸಿದರು. 2006ರಲ್ಲಿ ಅದರ ವಿವರ ಪ್ರಕಟಿಸಿದರು. ಅಡುಗೆ ಕೆಲಸ ಎಂದು ಚಿತ್ರ ಬರೆದರೆ ಅವರು ಅದನ್ನು ಅಡುಗೆಮನೆ ಎಂದು, ಅಂದರೆ ಜಾಗ ಎಂದು ತಿಳಿದರು. ಏಳುವ ಹಬೆ, ಸುರಿಯುವ ನೀರು ಸೇರಿಸಿ ಬರೆದಾಗ ಅದು ಕೆಲಸ ಎಂದು ತಿಳಿಯಿತು. ಚಿತ್ರದ ಜೊತೆ ಮಾತೂ ಕೇಳಿಸುವಂತೆ ಮಾಡಿದರು. ಮನೆಗೆಲಸದವರ ಜೊತೆ ಕೂಡದೆ ಇದು ಯಾರಿಗೆ ಹೊಳೆಯುತ್ತಿತ್ತು ಹೇಳಿ. ನಾವೂ ತಕ್ಕಡಿ ತೆಗೆದು, ಕರಿ ಕೋಟಿನ ವಕೀಲೆ ಒಬ್ಬ ಹೆಣ್ಣುಮಗಳ ಮಾತು ಕೇಳಿ ಬರೆದುಕೊಳ್ಳುತ್ತಿರುವ ಚಿತ್ರ ಹಾಕಿದೆವು. ಅದು ತಿಳಿಯಿತು.

ಶಹಾಪುರದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ದಿನ ಹಾಳಾಯಿತು ಅಂದುಕೊಂಡೆವು. ಆಮೇಲೆ ಪುಟವನ್ನು ಡ್ರಾಯಿಂಗ್ ಹಾಳೆಯ ಮೇಲೆ ಬರೆದು ಮುಂದಿಟ್ಟೆವು. ಆಕೆ ಬೆರಳಿಟ್ಟ ಕಡೆಗೆ ತಕ್ಕ ಹಾಳೆ ನಾವು ಬದಲಿಸುತ್ತಾ ಹೋದೆವು. ಮುಟ್ಟಿದರೆ ಕೆಡುತ್ತದೆ ಎಂಬ ಅಂಜಿಕೆ ಕಾಗದಕ್ಕೆ ಇಲ್ಲ. ಅವತ್ತು ಬಂದಷ್ಟು ಬಿಚ್ಚುಮಾತು ಬೇರೆ ಯಾವ ದಿನವೂ ಬರಲಿಲ್ಲ. ನಿಮ್ಮ ಸಂಘದಲ್ಲಿ ಶುರು ಮಾಡುವುದಾದರೆ ಕಾಗದದಿಂದಲೇ ಮಾಡಿ.

ಶಬ್ದಗಳ ಗತಿ ತಿಳಿದದ್ದೂ ಅಲ್ಲೇ. "ಕೌಟುಂಬಿಕ ದೌರ್ಜನ್ಯ" ಎಂದರೆ ಅಣ್ಣ ತಮ್ಮಂದಿರ ಹೊಲದ ಜಗಳ ಎಂದರು ಒಬ್ಬರು. 2006ರ ನಿಯಮಗಳ ಜೊತೆ ಬಂದ ಕೌಟುಂಬಿಕ ಘಟನೆಯ ವರದಿ ಎಂಬ ನಮೂನೆಯಲ್ಲಿ ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ ಹಿಂಸೆ, ವರದಕ್ಷಿಣೆ ಕಿರುಕುಳ ಎಂದು ಬೇರೆ ಬೇರೆ ಭಾಗಗಳಿವೆ. ನಾವು ಅದನ್ನೇ ಪುಟಕ್ಕೆ ಇಳಿಸಿದ್ದೆವು. "ಆರ್ಥಿಕ ದೌರ್ಜನ್ಯ" ಎಂದರೆ ಏನು ಎಂದು ಕೇಳಿದರೆ, "ಫೈನಾನ್ಸಿನವ್ರು ಕಂತಿಗೆ ಬಂದು ಬಾಗಲದಾಗ ಕೂಡತಾರಲ್ಲ, ಅದು" ಎಂದರು. ಎಲ್ಲರೂ ನಕ್ಕೆವು. ಆದರೆ ಅದೇ ತಾಯಿ ಎರಡು ಮಾತು ಮುಂದೆ ಹೋಗಿ, ತನ್ನ ಕೂಲಿಯ ರೊಕ್ಕ ಗಂಡ ಕಸಿದುಕೊಳ್ಳುವುದನ್ನೂ ತವರಿನ ಬಂಗಾರ ಅಡವು ಇಟ್ಟದ್ದನ್ನೂ ಹೇಳಿದರು. ಅದು ಕಾಯಿದೆಯಲ್ಲಿ ಬರುತ್ತದೆ ಎಂದು ಅವರಿಗೆ ಗೊತ್ತಿಲ್ಲ, ನಮ್ಮ ಪುಟವೂ ಹೇಳಲಿಲ್ಲ. ವರದಕ್ಷಿಣೆ ಎಂಬ ಶಬ್ದ ಎಲ್ಲರಿಗೂ ತಿಳಿದಿತ್ತು, ಆದರೆ ಯಾರೂ ತಮ್ಮ ಮನೆಯದಕ್ಕೆ ಅದನ್ನು ಬಳಸಲಿಲ್ಲ. "ವರದಕ್ಷಿಣಿ ಏನಿಲ್ರೀ, ನಾಲ್ಕ್ ತೊಲಿ ಬಂಗಾರ, ಒಂದು ಗಾಡಿ, ಅಷ್ಟ" ಎಂದರು. ಈಗ ಪುಟದಲ್ಲಿ ಶಬ್ದದ ಬದಲು ಪ್ರಶ್ನೆಗಳಿವೆ. ಬಂಗಾರ, ಗಾಡಿ, ರೊಕ್ಕ ತಾ ಎಂದು ಕಾಡುತ್ತಾರೆಯೇ? ನಿನ್ನ ಕೂಲಿ ಕಸಿಯುತ್ತಾರೆಯೇ? ಊಟ ಕೊಡದೆ ಹೊರಗೆ ಹಾಕುತ್ತಾರೆಯೇ?

"ಸಂರಕ್ಷಣಾಧಿಕಾರಿಯನ್ನು ಸಂಪರ್ಕಿಸಿ" ಎಂಬ ಸಾಲಿನ ಮುಂದೆ ಹದಿನೈದರಲ್ಲಿ ಹದಿಮೂರು ಮಂದಿ ನಿಂತರು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಮಟ್ಟದಲ್ಲಿ ಈ ಅಧಿಕಾರ ಇರುವುದು ಸಿಡಿಪಿಒ ಅವರಿಗೆ. ಅಂಗನವಾಡಿ ಟೀಚರು ಮೀಟಿಂಗಿಗೆ ಹೋಗುವ ಆಫೀಸು ಎಂದ ಕೂಡಲೇ, "ಅದೇನ್ರಿ, ಬಸ್ ಸ್ಟ್ಯಾಂಡ್ ಕಡೀದು!" ಎಂದರು. ಬರೆಯಲು ಬಾರದವರು ಅಲ್ಲಿ ಬಾಯಿಮಾತಿನಲ್ಲೇ ಹೇಳಬಹುದು. ಅವರು ಬರೆದುಕೊಳ್ಳಬೇಕು, ಅದರ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಇದು ನಿಯಮದಲ್ಲೇ ಇದೆ. ಅರ್ಜಿ ನ್ಯಾಯಾಧೀಶರ ಮುಂದೆ ಹೋದರೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು, ಅಲ್ಲಿಂದ 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು ಎಂದೂ ಕಾಯಿದೆ ಹೇಳುತ್ತದೆ. ಈ ಅತಿ ಮುಖ್ಯ ಮಾತುಗಳು ನಮ್ಮ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಕೂತಿದ್ದವು. ಅಲ್ಲಿಯತನಕ ಯಾರೂ ಇಳಿಯಲೇ ಇಲ್ಲ.

ಈಗ ಹೇಳುವುದು ಎಲ್ಲಕ್ಕಿಂತ ಹೆಚ್ಚಿನದು. ಪುಟದ ಮೇಲ್ಭಾಗದಲ್ಲಿ, ಹೊಡೆತ ತಿಂದು ಕಣ್ಣು ಬಾತ ಹೆಣ್ಣಿನ ಫೋಟೋ ಹಾಕಿದ್ದೆವು. ನೋಡಿದವರ ಮನಸ್ಸು ಕಲಕಲಿ ಎಂದು. ಶಹಾಪುರದ ಒಬ್ಬ ತಂಗಿ ಅದನ್ನು ನೋಡಿ, "ಇದು ನನ್ನ ಫೋನಿನಾಗ ಐತಂತ ಅವ ನೋಡಿದ್ರ, ಆ ಫೋಟೋದಾಗ ಇರಾಕಿ ನಾನ ಆಗ್ತೀನಿ" ಎಂದಳು. ಅವತ್ತು ಸಂಜೆಯೇ ಫೋಟೋ ತೆಗೆದೆವು. ಪರದೇಶಗಳಲ್ಲಿ ಇಂಥ ಪುಟಗಳಿಗೆ ಬೇಗ ಹೊರಗೆ ಹೋಗುವ ಗುಂಡಿ ಇಡುತ್ತಾರೆ. ಒತ್ತಿದರೆ ಹವಾಮಾನದಂಥ ಸಾದಾ ಪುಟ ಬರುತ್ತದೆ. ಅದನ್ನು ನೋಡಿ ನಾವೂ ಕೆಂಪು ಗುಂಡಿ ಇಟ್ಟಿದ್ದೆವು. ಒಬ್ಬರೂ ಒತ್ತಲಿಲ್ಲ. ಕೆಂಪು ಗುಂಡಿ ಎಂದರೆ ಫೋನು ಕಟ್ ಮಾಡುವುದು ಎಂದು ಅವರ ಲೆಕ್ಕ, ಫೋನೇ ಹಚ್ಚಿಲ್ಲ, ಕಟ್ ಯಾಕೆ ಮಾಡಬೇಕು?

ಹಾಗಾಗಿ ನೀವು ಇಂಥ ಪರೀಕ್ಷೆ ಮಾಡುವಾಗ ಬೇರೆ ಯಾವ ಪುಟಕ್ಕೂ ಬೇಡದ ಎಚ್ಚರ ಇದಕ್ಕೆ ಬೇಕು. ಆಕೆಯ ಮನೆಯಲ್ಲಿ ಮಾಡಬೇಡಿ. ಆಕೆಯ ಫೋನಿನಲ್ಲಿ ಮಾಡಬೇಡಿ, ಸಂಘದ ಅಥವಾ ನಿಮ್ಮ ಫೋನು ಕೊಡಿ. ಹಾಳೆಯ ಮೇಲೆ ಹೆಸರು, ಊರು ಬರೆಯಬೇಡಿ. ಮುಖದ ಫೋಟೋ ಬೇಡ, ವಿಡಿಯೋ ಬೇಡ. ಮೀಟಿಂಗು ಯಾತಕ್ಕೆ ಎಂದು ಮನೆಯವರು ಕೇಳಿದರೆ ಸಂಘದ್ದು ಎಂದರೆ ಸಾಕು. ನಮ್ಮ ಸಂಘಗಳ ದೊಡ್ಡ ಆಸ್ತಿ ಇದೇ. ಹತ್ತು ಹದಿನೈದು ಹೆಂಗಸರು ವಾರಕ್ಕೊಮ್ಮೆ ಕೂಡುವುದನ್ನು ಈಗ ಯಾರೂ ಅನುಮಾನದಿಂದ ನೋಡುವುದಿಲ್ಲ. ನಡುವೆ ಎದ್ದು ಹೋಗಬೇಕೆನ್ನಿಸಿದರೆ ಹೋಗಬಹುದು, ಕೂಲಿ ಪೂರ್ತಿ ಕೊಡುತ್ತೇವೆ ಎಂದು ಮೊದಲೇ ಹೇಳಿ. ಮಾತು ಕೇಳಿ ಸಮಾಧಾನ ಹೇಳಬಲ್ಲ ಒಬ್ಬರು ಪಕ್ಕದ ಕೋಣೆಯಲ್ಲಿ ಇರಲೇಬೇಕು.

ಯಾಕೆ ಇರಬೇಕು ಎಂಬುದು ನನಗೆ ತಿಳಿದದ್ದು ಸುರಪುರದಲ್ಲಿ. ಮೂರನೆಯವಳಾಗಿ ಕುಳಿತ ಹುಡುಗಿಗೆ ಅದೇ ಓಣಿಯ ಸೊಸೆಯ ಕಥೆ ಹೇಳಿದೆವು. ಆಕೆ ಚುರುಕಾಗಿ ಓದುತ್ತಾ ಹೋದಳು. "ಇಲ್ಲಿ ಒತ್ತತಾಳ... ಇಲ್ಲಿ ನಂಬರ ಐತಿ... ಆಕಿ ಫೋನ್ ಹಚ್ಚತಾಳ..." ಎನ್ನುತ್ತಿದ್ದವಳು, "ಹಚ್ಚಿದ್ರ ಅವ್ರು ಬಂದು ನನ್ನ ಕೂಸಿನ ಕಸಗೊಂಡು..." ಎಂದು ನಿಂತಳು. ಆಕೆ ಎಂದದ್ದು ನಾನು ಆಗಿತ್ತು. ಬರೆಯುತ್ತಿದ್ದ ಗೆಳತಿಯ ಪೆನ್ನೂ ನಿಂತಿತು. ಫೋನು ತೆಗೆದು ಇಟ್ಟೆವು. ಪರೀಕ್ಷೆ ಅಲ್ಲಿಗೆ ಮುಗಿಯಿತು. ಬರೆದ ಹಾಳೆಯನ್ನು ಆಕೆಯ ಮುಂದೆಯೇ ಹರಿದೆವು. ಬಹಳ ಹೊತ್ತು ಸುಮ್ಮನೆ ಕುಳಿತೆವು. ಪಕ್ಕದ ಕೋಣೆಯ ಅಕ್ಕ ಬಂದು ಕೈ ಹಿಡಿದುಕೊಂಡರು. ಈಗಲೇ ಠಾಣೆಗೆ ಹೋಗೋಣ ಎಂದು ಯಾರೂ ಒತ್ತಾಯ ಮಾಡಲಿಲ್ಲ. ಹೋಗುವ ಮುಂದೆ 181 ಬರೆದುಕೊಡಲೇ ಎಂದು ಕೇಳಿದೆ. ಆಕೆ ಯೋಚಿಸಿ, "ಚೀಟಿ ಬ್ಯಾಡ್ರಿ. ನಮ್ಮ ಸಂಘದ ಪಾಸ್‌ಬುಕ್ಕಿನ ಹಿಂದ ಬರೀರಿ. ಅದನ್ನ ನಮ್ಮ ಮನ್ಯಾಗ ಯಾರೂ ತೆಗದು ನೋಡಂಗಿಲ್ಲ" ಎಂದಳು.

ನಮ್ಮ ಯಾರ ತಲೆಗೂ ಬಾರದ ಜಾಗ ಅದು. ಅಂದಿನಿಂದ ಎಷ್ಟೋ ಸಂಘಗಳ ಪಾಸ್‌ಬುಕ್ಕಿನ ಕೊನೆಯ ಹಾಳೆಯಲ್ಲಿ 181 ಮತ್ತು 112 ಇವೆ. ಪುಕ್ಕಟೆ ಕಾನೂನು ನೆರವಿನ 15100 ಕೂಡ ಇದೆ. ಹೆಸರಿಲ್ಲ, ಬರೀ ಅಂಕಿ. ಕಂತಿನ ಲೆಕ್ಕದಂತೆ ಕಾಣುತ್ತದೆ.

ಒಂದು ತೊಡಕು ನಮ್ಮ ಕೈಮೀರಿದ್ದು. ನಮ್ಮ ಪುಟದಲ್ಲಿ ನಿಮ್ಮ ನಂಬರ್ ಬರೆಯಿರಿ, ಒಟಿಪಿ ಬರುತ್ತದೆ ಎಂದು ಇತ್ತು. ಶಹಾಪುರದ ತಾಯಿಯ ನಂಬರು ಗಂಡನದು. ಅವನು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ದುಡಿಯಲು ಹೋಗಿದ್ದಾನೆ, ಸಿಮ್ಮು ಅವನ ಹತ್ತಿರ. "ಹಂಗಾದ್ರ ನಾ ಇಲ್ಲಿ ಅವನ ಮ್ಯಾಲೆ ದೂರು ಬರದ್ರ, ಹೌದೋ ಅಲ್ಲೋ ಅಂತ ಅವನ್ನ ಕೇಳತೈತೇನ್ರಿ ಇದು?" ಎಂದರು. ಕೋಣೆಯೆಲ್ಲ ನಗು. ಆಮೇಲೆ ಯಾರೂ ನಗಲಿಲ್ಲ. ನಮ್ಮ ಪುಟದಿಂದ ಒಟಿಪಿ ತೆಗೆದುಹಾಕಿದೆವು, ನೇರ ಫೋನು ಹಚ್ಚುವ ಗುಂಡಿ ಒಂದೇ ಇದೆ. ಬೇರೆ ಎಷ್ಟೋ ಪುಟಗಳಲ್ಲಿ ಅದು ಇನ್ನೂ ಇದೆ. ಅವನ್ನು ಮಾಡುವವರ ಮುಂದೆ ಈ ತಾಯಿಯ ಮಾತನ್ನು ಆಡಿದಂತೆಯೇ ಇಡಬೇಕು, ಅದಕ್ಕೆ ನಿಮ್ಮ ಹಾಳೆಗಳು ಬೇಕು.

ತಿದ್ದಿದ ಪುಟವನ್ನು ಎರಡನೆಯ ಸುತ್ತಿಗೆ ಒಯ್ದಾಗ ಹೊಸ ಐದು ಜನರನ್ನು ಕೂರಿಸಬೇಕಿತ್ತು. ಆದರೆ ಖಡಕ್ ರೊಟ್ಟಿಯ ತಾಯಿ ತಾವೇ ಬಂದು ಕುಳಿತರು, ಇಲ್ಲ ಎನ್ನಲಾಗಲಿಲ್ಲ. ಕಥೆ ಹೇಳಿದೆವು. ಎರಡು ನಿಮಿಷವೂ ಆಗಿರಲಿಲ್ಲ, 181 ಇರುವ ಜಾಗಕ್ಕೆ ಬೆರಳಿಟ್ಟು ನನ್ನ ಮುಖ ನೋಡಿದರು. "ಈಗ ಪುಟ ಪಾಸಾತು" ಎಂದೆ. ಅವರು ಫೋನು ಕೊಡಲಿಲ್ಲ. ತಿರುಗಿಸಿ ಮುರುಗಿಸಿ ನೋಡಿದರು. "ಪಾಸ್ ಎಲ್ಲಿ ಆತ್ರೀ ಅಕ್ಕೋರೆ? ನಾ ಇದನ್ನ ನೋಡೀನಿ ಅಂತ ಫೋನಿನಾಗ ಉಳೀತೈತಲ್ಲ, ಅದನ್ನ ಅಳಸೋದು ಎಲ್ಲೈತಿ ತೋರಸ್ರಿ" ಎಂದರು. ಪುಟದಲ್ಲಿ ಅದು ಎಲ್ಲಿಯೂ ಇರಲಿಲ್ಲ. ಹಿಂದೆ ಕುಳಿತಿದ್ದ ಗೆಳತಿ ಅವರ ಮಾತನ್ನು ಆಡಿದಂತೆಯೇ ಬರೆದುಕೊಂಡಳು. ಮೂರನೆಯ ಸುತ್ತು ಅದರಿಂದಲೇ ಶುರುವಾಗಬೇಕು. ಸುರಪುರದ ಸಂಘದವರು ಕೋಣೆ ಕೊಡುತ್ತೇವೆ ಎಂದಿದ್ದಾರೆ. ಬರೆದುಕೊಳ್ಳಲು ಇಬ್ಬರು ಬೇಕು, ಯಾರು ಬರುತ್ತೀರಿ?